ಸಾಲ ಮನ್ನಾ ಆಗಬೇಕಾದರೆ ಸಂಬಳ ಯಾರು ಕೊಡಬೇಕು?

ಅಮೆರಿಕದ ಒಂದು ಆಸ್ಪತ್ರೆಯಲ್ಲಿ, ಒಂದೇ ವಾರ್ಡಿನಲ್ಲಿ ಇಬ್ಬರು ನರ್ಸ್‌ಗಳು ರಾತ್ರಿ ಪಾಳಿ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರೂ ಸರ್ಕಾರಿ ಸಾಲ ಮಾಡಿ ಓದಿದವರು. ಒಬ್ಬಳಿಗೆ ಸಂಬಳ ಕೊಡುವುದು ಲಾಭದ ಉದ್ದೇಶವಿಲ್ಲದ ಆ ಆಸ್ಪತ್ರೆಯೇ. ಇನ್ನೊಬ್ಬಳಿಗೆ ಕೊಡುವುದು, ಅವಳನ್ನು ಅಲ್ಲಿಗೆ ಕಳಿಸಿದ ಖಾಸಗಿ ಏಜೆನ್ಸಿ. ಹತ್ತು ವರ್ಷ ಕಂತು ಕಟ್ಟಿದ ಮೇಲೆ ಮೊದಲನೆಯವಳ ಉಳಿದ ಸಾಲವೆಲ್ಲ ಮನ್ನಾ ಆಗಬಹುದು. ಎರಡನೆಯವಳಿಗೆ ಒಂದು ಡಾಲರೂ ಮನ್ನಾ ಇಲ್ಲ.

2007ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಈ ಯೋಜನೆಯ ಹೆಸರು ಪಬ್ಲಿಕ್ ಸರ್ವೀಸ್ ಲೋನ್ ಫರ್ಗಿವ್‌ನೆಸ್, ಬಳಕೆಯಲ್ಲಿ ಪಿಎಸ್‌ಎಲ್‌ಎಫ್. ಸಾರ್ವಜನಿಕ ಸೇವೆಯಲ್ಲಿ ವಾರಕ್ಕೆ ಕನಿಷ್ಠ 30 ಗಂಟೆ ದುಡಿಯುತ್ತ 120 ಮಾಸಿಕ ಕಂತು ಕಟ್ಟಿದರೆ ಬಾಕಿ ಸಾಲ ರದ್ದು. ಆದರೆ ಸೇವೆ ಎಂದರೇನು ಎಂಬುದನ್ನು ಈ ಕಾನೂನು ಬಹುಮಟ್ಟಿಗೆ ಉದ್ಯೋಗದಾತರನ್ನು ನೋಡಿ ನಿರ್ಧರಿಸುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರಿಗೂ ಅದೇ ಶಾಲೆಯ ಲೆಕ್ಕ ಬರೆಯುವವರಿಗೂ ಸಮಾನ ಹಕ್ಕು.

ಒಕ್ಕೂಟ ಸರ್ಕಾರ, ರಾಜ್ಯ, ಕೌಂಟಿ, ನಗರಸಭೆ, ಮೂಲನಿವಾಸಿ ಬುಡಕಟ್ಟುಗಳ ಆಡಳಿತ, ಸೇನೆ ಎಲ್ಲವೂ ಪಟ್ಟಿಯಲ್ಲಿವೆ. ತೆರಿಗೆ ಕಾನೂನಿನ 501(ಸಿ)(3) ಕಲಮಿನಡಿ ಬರುವ ಲಾಭರಹಿತ ಸಂಸ್ಥೆಗಳೂ ಇವೆ. ಕಾರ್ಮಿಕ ಸಂಘಗಳು, ಪಕ್ಷ ರಾಜಕೀಯದ ಸಂಘಟನೆಗಳು ಮತ್ತು ಲಾಭಕ್ಕಾಗಿ ನಡೆಯುವ ಕಂಪನಿಗಳು ಹೊರಗೆ.

ತೊಡಕಿರುವುದು ನಡುವಿನ ಜಾಗದಲ್ಲಿ. 501(ಸಿ)(3) ಅಲ್ಲದ ಲಾಭರಹಿತ ಸಂಸ್ಥೆಗಳೂ ಸಾರ್ವಜನಿಕ ಆರೋಗ್ಯ, ಶಿಕ್ಷಣ, ಕಾನೂನು ನೆರವಿನಂಥ ಸೇವೆ ಕೊಡುತ್ತಿದ್ದರೆ ಅರ್ಹವಾಗಬಹುದು. ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ನೌಕರರಿಗೆ ಮೊದಲು 'ನಿಮ್ಮ ಕೆಲಸ ಅರ್ಹ' ಎಂಬ ಉತ್ತರ ಬಂತು. ಆಮೇಲೆ ಆ ಮಾತನ್ನು ಹಿಂತೆಗೆದುಕೊಳ್ಳಲಾಯಿತು. ಅದನ್ನೇ ನಂಬಿ ವರ್ಷಗಟ್ಟಲೆ ಬದುಕು ಕಟ್ಟಿಕೊಂಡವರ ಪಾಡೇನು? 2016ರ ಡಿಸೆಂಬರಿನಲ್ಲಿ ಪ್ರಕರಣ ಕೋರ್ಟಿಗೆ ಹೋಯಿತು. ಶಿಕ್ಷಣ ಇಲಾಖೆ ಹೀಗೆ ಮನಬಂದಂತೆ ಮಾನದಂಡ ಬದಲಿಸಿದ್ದು ತಪ್ಪೆಂದು 2019ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ಹೇಳಿತು. ನ್ಯಾಯವಾದ ತೀರ್ಪು ಅದು.

ವೈದ್ಯರದು ಇನ್ನೊಂದು ಕಥೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ರಾಜ್ಯಗಳ ಕಾನೂನಿನ ಪ್ರಕಾರ ಎಷ್ಟೋ ಆಸ್ಪತ್ರೆಗಳು ವೈದ್ಯರನ್ನು ನೇರವಾಗಿ ನೇಮಿಸಿಕೊಳ್ಳುವಂತಿಲ್ಲ. ಲಾಭರಹಿತ ಆಸ್ಪತ್ರೆಯಲ್ಲೇ ದುಡಿದರೂ ಅವರು ಯೋಜನೆಯಿಂದ ಹೊರಗುಳಿದಿದ್ದರು. 2023ರ ಜುಲೈನಲ್ಲಿ ಜಾರಿಯಾದ ತಿದ್ದುಪಡಿ ಅಂಥವರಿಗೂ ಬಾಗಿಲು ತೆರೆಯಿತು.

2017ರ ಕೊನೆಯಿಂದ ಬಂದ ಮೊದಮೊದಲ ಅರ್ಜಿಗಳಲ್ಲಿ ನೂರಕ್ಕೆ 99 ತಿರಸ್ಕಾರವಾದವು. ಸಾಲದ ಬಗೆ ಬೇರೆ, ಕಂತಿನ ಲೆಕ್ಕ ತಪ್ಪು, ಫಾರಂ ಅಪೂರ್ಣ ಎಂದು ಒಂದೊಂದಕ್ಕೆ ಒಂದೊಂದು ಕಾರಣ. 2021ರಿಂದ ನಿಯಮ ಸಡಿಲಿಸಿದ ಮೇಲೆ ಫಲಾನುಭವಿಗಳ ಸಂಖ್ಯೆ ಹತ್ತು ಲಕ್ಷ ದಾಟಿತು.

ಈಗ ಹೊಸ ಆತಂಕ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶದ ಬೆನ್ನಿಗೆ, ಅಕ್ಟೋಬರ್ ಕೊನೆಯಲ್ಲಿ ಹೊಸ ನಿಯಮ ಪ್ರಕಟವಾಯಿತು. ಗಣನೀಯ ಕಾನೂನುಬಾಹಿರ ಉದ್ದೇಶ ಇದೆಯೆಂದು ಶಿಕ್ಷಣ ಕಾರ್ಯದರ್ಶಿ ತೀರ್ಮಾನಿಸಿದ ಉದ್ಯೋಗದಾತರನ್ನು 2026ರ ಜುಲೈ 1ರಿಂದ ಹೊರಗಿಡಲು ಅದು ಅವಕಾಶ ಕೊಡುತ್ತದೆ. ಹಲವು ರಾಜ್ಯಗಳೂ ನಗರಗಳೂ ಇದರ ವಿರುದ್ಧ ಕೋರ್ಟ್ ಮೆಟ್ಟಿಲೇರಿವೆ. ಸಂಸ್ಥೆಯ ಮೇಲಿನ ಆರೋಪಕ್ಕೆ ಅಲ್ಲಿನ ನರ್ಸು, ಗುಮಾಸ್ತ ಬೆಲೆ ತೆರುವುದು ಅನ್ಯಾಯ.

ಕರ್ನಾಟಕದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ದೇಶದ ಸರ್ಕಾರಿ ಸಾಲ ಸಿಗದು. ಇಲ್ಲಿನ ಬ್ಯಾಂಕ್ ಸಾಲಕ್ಕೆ ಈ ಮನ್ನಾ ಅನ್ವಯಿಸದು. ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದು, ಅಂಥ ಸಾಲದಲ್ಲಿ ಓದಿದ ಕನ್ನಡದ ಮಕ್ಕಳಿಗೆ ಮಾತ್ರ ಇದು ಬಹಳ ಮುಖ್ಯ. ನಿಮ್ಮ ಬಂಧುಗಳಲ್ಲಿ ಅಂಥವರಿದ್ದರೆ ಒಂದು ಮಾತು ಹೇಳಿ: ಕೆಲಸಕ್ಕೆ ಸೇರುವ ಮುನ್ನವೇ ಸಂಬಳ ಕೊಡುವ ಸಂಸ್ಥೆಯ ಒಂಬತ್ತಂಕಿಯ ಗುರುತಿನ ಸಂಖ್ಯೆ (ಇಐಎನ್) ಕೇಳಿ ಪಡೆದು, ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಲಿ. ಉದ್ಯೋಗದಾತರ ದೃಢೀಕರಣ ಪತ್ರವನ್ನು ಹತ್ತು ವರ್ಷ ಕಾಯದೆ ಪ್ರತಿ ವರ್ಷ ಸಲ್ಲಿಸಲಿ.