ಹಳೆಯ ಯುದ್ಧವಿಮಾನದ ಜಾತಕ

ರೋಗಿ ಬಂದು ಎದುರು ಕುಳಿತಾಗ ನಾವು ವೈದ್ಯರು ಮೊದಲು ಕೇಳುವುದು ಹೆಸರು, ವಯಸ್ಸು, ಊರು. ಆಮೇಲೆ ಹಿಂದೆ ಯಾವ ಕಾಯಿಲೆ ಬಂದಿತ್ತು, ಯಾವ ಆಪರೇಷನ್ ಆಗಿತ್ತು ಎಂಬ ವಿಚಾರಣೆ. ರೋಗಿಗೆ ಮಾತಾಡಲು ಆಗದಿದ್ದರೆ ಮೈಮೇಲಿನ ಹೊಲಿಗೆಯ ಗುರುತೇ ಅರ್ಧ ಕಥೆ ಹೇಳಿಬಿಡುತ್ತದೆ. ಹಳೆಯ ಯುದ್ಧವಿಮಾನಗಳ ಪೂರ್ವಾಪರ ಹುಡುಕುವವರ ಕೆಲಸವೂ ಹೆಚ್ಚುಕಡಿಮೆ ಇದೇ. ನನಗೆ ಈ ಹುಚ್ಚು ಹಿಡಿದದ್ದೂ ಅದಕ್ಕೇ ಇರಬೇಕು!

ಮ್ಯೂಸಿಯಂನಲ್ಲಿ ನಿಂತ ವಿಮಾನದ ಬಣ್ಣವನ್ನಾಗಲಿ, ಮೂತಿಯ ಮೇಲೆ ಬರೆದ ಹೆಸರನ್ನಾಗಲಿ ನೋಡಿ ಮೋಸಹೋಗಬಾರದು. ಅವನ್ನು ಎಷ್ಟೋ ವರ್ಷಗಳ ನಂತರ ಬಳಿದಿರಬಹುದು. ನಂಬಬೇಕಾದದ್ದು ಸೀರಿಯಲ್ ನಂಬರನ್ನು, ಕಾರ್ಖಾನೆಯವರು ಒಳಗೆ ಕೂರಿಸಿದ ಲೋಹದ ಫಲಕವನ್ನು, ವಾಯುಪಡೆಯ ದಾಖಲೆ ಕಾರ್ಡುಗಳನ್ನು, ಪೈಲಟ್‌ಗಳ ಲಾಗ್‌ಬುಕ್ಕುಗಳನ್ನು. ಬಣ್ಣವನ್ನು ಪದರಪದರವಾಗಿ ಉಜ್ಜಿದರೆ ಕೆಳಗಿನ ಹಳೆಯ ಅಂಕಿ ಕಾಣಿಸುವುದೂ ಉಂಟು. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ಮಾತ್ರ ಜಾತಕ ಸಿದ್ಧ!

ಇಂಥ ಜಾತಕಗಳಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುವ ಒಂದು ವಿಮಾನವಿದೆ. ಅದೇ ಬಿ-24 ಲಿಬರೇಟರ್. ನಾಲ್ಕು ಎಂಜಿನ್, 110 ಅಡಿ ರೆಕ್ಕೆಯ ಅಮೆರಿಕನ್ ಬಾಂಬರ್. ಎರಡನೇ ಮಹಾಯುದ್ಧದ ಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾದವು. ಬ್ರಿಟಿಷ್ ವಾಯುಪಡೆ ಇವನ್ನು ಅಮೆರಿಕದಿಂದ ಲೆಂಡ್-ಲೀಸ್ ಒಪ್ಪಂದದಡಿ ಪಡೆದಿತ್ತು. ಯುದ್ಧ ಮುಗಿದ ಮೇಲೆ ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಡ್ಡೆಹಾಕಿ, ಮತ್ತೆ ಹಾರದಂತೆ ಕೆಡಿಸಿ ಬಿಟ್ಟರು.

ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆಗ ಎಲ್ಲರ ಕಣ್ಣು ಬಿದ್ದದ್ದು ಆ ಗುಜರಿಯ ಮೇಲೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದೊಡ್ಡ ವಿಮಾನಗಳು ಹೊಸದೇನಲ್ಲ. ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳ ರಿಪೇರಿ ಅಲ್ಲೇ ನಡೆದಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು ಎಂದರೆ ಇಂದಿನ ಬೆಂಗಳೂರಿನವರು ನಂಬುತ್ತಾರೆಯೇ?

ಕಾರ್ಖಾನೆಯ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಅವರು ಕಾನ್ಪುರದಲ್ಲಿ ಹೇಗೋ ಹಾರುವ ಮಟ್ಟಕ್ಕೆ ತಂದ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಬಂದವು ಸುಮಾರು 40. ಬೆಂಗಳೂರಿನ ಕೆಲಸಗಾರರು ಅವಕ್ಕೆ ಮರುಜನ್ಮ ಕೊಟ್ಟರು. 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಮುಂದೆ 6ನೇ ಸ್ಕ್ವಾಡ್ರನ್ನಿನಲ್ಲಿ ಸಮುದ್ರದ ಮೇಲೆ ಗಸ್ತು ತಿರುಗಿದವು. ಗುಜರಿ ಎಂದು ಕೈಬಿಟ್ಟವು 1968ರವರೆಗೆ ದುಡಿದವು!

ಉಳಿದ ದೇಶಗಳು ತಮ್ಮ ಲಿಬರೇಟರ್‌ಗಳಲ್ಲಿ ಬಹುತೇಕವನ್ನು ಎಂದೋ ಕರಗಿಸಿಬಿಟ್ಟಿದ್ದವು. ಒಂದು ಇಡೀ ವಿಮಾನ ಬೇಕೆಂದು ಹಲವು ಮ್ಯೂಸಿಯಂನವರು ಭಾರತಕ್ಕೇ ಬಂದರು. ಒಂದರ ಜಾತಕ ನೋಡಿ. ಅಮೆರಿಕದ ಸೀರಿಯಲ್ 44-50206. ಮೊದಲಿನ 44 ಎಂದರೆ 1944ರ ಆರ್ಥಿಕ ವರ್ಷದ ಆರ್ಡರ್. ಹುಟ್ಟಿದ್ದು ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ, ಫೋರ್ಡ್ ಕಾರ್ಖಾನೆಯಲ್ಲಿ. ಬ್ರಿಟಿಷರ ಕೈಗೆ ಬಂದಾಗ ಕೆಎನ್ 751 ಎಂಬ ಹೊಸ ಹೆಸರು. 1945ರಲ್ಲಿ 99ನೇ ಸ್ಕ್ವಾಡ್ರನ್. ಭಾರತದಲ್ಲಿ ಎಚ್‌ಇ 807. 1974ರಲ್ಲಿ ಬ್ರಿಟನ್ನಿಗೆ ಹಾರಿಹೋಗಿ, ಈಗ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಸಂಗ್ರಹದಲ್ಲಿ ಮತ್ತೆ ಕೆಎನ್ 751! ತವರಿನ ಹೆಸರು, ಗಂಡನ ಮನೆಯ ಹೆಸರು ಎಂಬಂತೆ ಒಂದೇ ವಿಮಾನಕ್ಕೆ ಮೂರು ಹೆಸರು.

ಕೆನಡಾದವರು ಆಟವಾದ ಮ್ಯೂಸಿಯಂನಲ್ಲಿ ಎಚ್‌ಇ 773 ಅನ್ನು ನೋಡಬಹುದು. ನಮ್ಮ ಅಮೆರಿಕದಲ್ಲಿ ಅರಿಜೋನಾದ ಟೂಸಾನ್‌ಗೆ ಹೋದರೆ ಪೀಮಾ ಮ್ಯೂಸಿಯಂನಲ್ಲಿ 1969ರಲ್ಲಿ ಭಾರತದಿಂದ ಬಂದ ಎಚ್‌ಇ 877 ಇದೆ. ಆದರೆ ಅದರ ಮೈಮೇಲಿರುವುದು ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ದಾಳಿ ಮಾಡುತ್ತಿದ್ದ ಅಮೆರಿಕನ್ ದಳದ ಬಣ್ಣ, ‘ಬಂಗೇ ಬಕರೂ’ ಎಂಬ ಹೆಸರು. ಇದು ತಪ್ಪು ಎಂದು ನಾನು ಹೇಳಲಾರೆ. ಆ ದಳದಲ್ಲಿ ಸತ್ತ ಹುಡುಗರ ನೆನಪಿಗೆ ಒಂದು ವಿಮಾನ ಬೇಡವೇ? ಆದರೂ ಇಪ್ಪತ್ತು ವರ್ಷ ಅದನ್ನು ಹಾರಿಸಿದವರ, ರಿವೆಟ್ ಹೊಡೆದು ಬದುಕಿಸಿದವರ ಗುರುತು ಆ ಬಣ್ಣದಡಿ ಮುಚ್ಚಿಹೋಗುತ್ತದೆ.

ಇಲ್ಲಿಯೇ ನಮ್ಮ ಪಾತ್ರ ಇರುವುದು. ಹಾಳಾದ ವಿಮಾನಗಳನ್ನು ಎಬ್ಬಿಸುವಾಗ ಒಂದರ ಭಾಗವನ್ನು ಕಿತ್ತು ಇನ್ನೊಂದಕ್ಕೆ ಕೂರಿಸುವುದು ಮಾಮೂಲು. ಒಂದು ರೆಕ್ಕೆಯ ಮೇಲೆ ಬೇರೆ ವಿಮಾನದ ನಂಬರ್ ಸಿಕ್ಕರೆ ಅದಕ್ಕೆ ಉತ್ತರ ಅಮೆರಿಕದ ಕಾರ್ಡಿನಲ್ಲಿ ಇರುವುದಿಲ್ಲ. ಅದನ್ನು ಕೂರಿಸಿದವರ ನೋಟುಬುಕ್ಕಿನಲ್ಲಿ ಇದ್ದೀತು. ಆ ಕೈಗಳು ಯಾರವು? ನಮ್ಮ ನಿಮ್ಮ ತಂದೆ, ತಾತ, ಸೋದರಮಾವಂದಿರವು. ಎಚ್‌ಎಎಲ್‌ಗೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದವರವು. ಅವರಲ್ಲಿ ಬಹುತೇಕರು ಈಗ ಇಲ್ಲ. ಮನೆ ಖಾಲಿ ಮಾಡುವಾಗ ಟ್ರಂಕಿನ ಕಾಗದ ರದ್ದಿಗೆ ಹೋಗುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಆ ಟ್ರಂಕನ್ನು ಒಮ್ಮೆ ಇಳಿಸಿ. ಗುಂಪು ಫೋಟೋದ ಹಿಂದೆ ವಿಮಾನದ ಬಾಲ ಕಾಣುತ್ತಿದ್ದರೆ ಅಂಕಿಯನ್ನು ಓದಿ. ಬೆನ್ನಿಗೆ ಪೆನ್ಸಿಲ್‌ನಲ್ಲಿ ಊರು, ಇಸವಿ, ನಿಂತವರ ಹೆಸರು ಬರೆಯಿರಿ. ಅಜ್ಜಿ ಇದ್ದರೆ ಅವರನ್ನೇ ಕೇಳಿ. ಅವರಿಗೆ ನಂಬರ್ ಗೊತ್ತಿರದಿದ್ದರೂ ಜನ ಗೊತ್ತಿರುತ್ತಾರೆ. ಪ್ರತಿಯೊಂದನ್ನು ಸ್ಕ್ಯಾನ್ ಮಾಡಿ ಆ ವಿಮಾನ ಇಟ್ಟುಕೊಂಡಿರುವ ಮ್ಯೂಸಿಯಂಗೆ ಕಳಿಸಿ. ರೋಗಿಯ ಹಳೆಯ ಫೈಲು ಸಿಕ್ಕಾಗ ವೈದ್ಯನಿಗೆ ಆಗುವ ಸಂತೋಷ ಅವರಿಗೂ ಆಗುತ್ತದೆ. ಜೊತೆಗೆ ನಿಮ್ಮ ಮಕ್ಕಳಿಗೆ ಆ ಭಾರಿ ಹಕ್ಕಿಯನ್ನು ತೋರಿಸಿ, ಇದನ್ನು ಬದುಕಿಸಿದ್ದು ನಮ್ಮ ಬೆಂಗಳೂರು ಎಂದು ಪುರಾವೆ ಸಮೇತ ಹೇಳಬಹುದು.