ಕುರುಬೂರಿನ ಓಟಕ್ಕೆ ಬೆಲೆ ಕಟ್ಟುವುದು ಹೇಗೆ?

ಸರ್ಕಾರ ತಾನಾಗಿಯೇ ಘೋಷಿಸಿದ ಹಣವನ್ನು ಬೇಡವೆನ್ನುವುದು ನಮ್ಮ ಸಾರ್ವಜನಿಕ ಜೀವನದಲ್ಲಿ ಅಪರೂಪದ ಸಂಗತಿ. 2025ರ ಆರಂಭದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಹಾಗೂ ರಾಜ್ಯದ ಮತ್ತೊಬ್ಬ ಆಟಗಾರ ಎಂ.ಕೆ. ಗೌತಮ್ ಅಂಥದೊಂದು ಕೆಲಸ ಮಾಡಿದರು. ಚೊಚ್ಚಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿದ್ದ ಈ ಇಬ್ಬರಿಗೂ ರಾಜ್ಯ ಸರ್ಕಾರ ತಲಾ ಐದು ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿತು. ಅದೇ ತಂಡಗಳಲ್ಲಿ ಆಡಿದ ತನ್ನ ಆಟಗಾರರಿಗೆ ನೆರೆಯ ಮಹಾರಾಷ್ಟ್ರ ಪ್ರಕಟಿಸಿದ್ದು ತಲಾ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ. ಕರ್ನಾಟಕದ ಇಬ್ಬರೂ ತಮಗೆ ಘೋಷಿಸಿದ್ದನ್ನು ವಿನಯದಿಂದಲೇ ನಿರಾಕರಿಸಿದರು. ಸುದ್ದಿ ಕೆಲವು ದಿನ ಓಡಾಡಿ ಮರೆಯಾಯಿತು. ಅದು ಎತ್ತಿದ ಪ್ರಶ್ನೆ ಮಾತ್ರ ಮರೆಯಾಗತಕ್ಕದ್ದಲ್ಲ.

ಮೊದಲು ಆಟದ ಮಾತು. 2025ರ ಜನವರಿ 19ರಂದು ನವದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಫೈನಲ್ ನಡೆಯಿತು. ಎದುರಾಳಿ ನೇಪಾಳ. ನಾಲ್ಕು ಸರದಿಗಳ ಪಂದ್ಯದಲ್ಲಿ ಮೂರನೆಯದು ಮುಗಿದಾಗ ಭಾರತ 73-24ರಿಂದ ಮುಂದಿತ್ತು. ಕೊನೆಯ ಸರದಿಯಲ್ಲಿ ಓಡಿ ತಪ್ಪಿಸಿಕೊಳ್ಳುವ ಪಾಳಿ ಭಾರತದ್ದು. ಆಗ ಚೈತ್ರಾ ಇದ್ದ ಗುಂಪು ಐದು ನಿಮಿಷ ಹದಿನಾಲ್ಕು ಸೆಕೆಂಡ್ ಅಂಕಣದಲ್ಲಿ ಉಳಿಯಿತು. ಏಳು ನಿಮಿಷಗಳ ಸರದಿಯಲ್ಲಿ ಇದು ಮುಕ್ಕಾಲು ಭಾಗಕ್ಕೆ ಹತ್ತಿರ. ಇಷ್ಟು ಹೊತ್ತು ಸಿಕ್ಕಿಬೀಳದೆ ಉಳಿದವರಿಗೆ ಹೊಸ ನಿಯಮಾವಳಿ ಹೆಚ್ಚುವರಿ ಅಂಕ ಕೊಡುತ್ತದೆ. ಅದಕ್ಕೆ ‘ಡ್ರೀಮ್ ರನ್’ ಎಂದು ಹೆಸರು. ಭಾರತ 78-40ರಿಂದ ಗೆದ್ದಿತು, ಚೈತ್ರಾ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿದರು. ಅದೇ ದಿನ ಪುರುಷರ ತಂಡವೂ ನೇಪಾಳವನ್ನು 54-36ರಿಂದ ಸೋಲಿಸಿತು.

ಖೋ ಖೋ ಆಡದ ಕನ್ನಡ ಶಾಲೆಯಿಲ್ಲ. ಎರಡು ಕಂಬ, ಸುಣ್ಣದ ಗೆರೆ ಮತ್ತು ಸಮತಟ್ಟಾದ ಒಂದು ಜಾಗ ಇದ್ದರೆ ಆಟ ಶುರು. ಸಾಂಪ್ರದಾಯಿಕ ಕ್ರಮದಲ್ಲಿ ಎಂಟು ಮಂದಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ಹಿಂದಿರುಗಿ ಓಡುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಸರಿಯಾದ ಕ್ಷಣದಲ್ಲಿ ಸರಿಯಾದವರ ಬೆನ್ನಿಗೆ ‘ಖೋ’ ಕೊಡಬೇಕು. ಚೆಂಡು, ಬ್ಯಾಟು, ರಾಕೆಟ್ ಯಾವುದೂ ಬೇಡ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಈ ಆಟಕ್ಕೆ ಬಂಡವಾಳದ ಅಗತ್ಯ ಶೂನ್ಯಕ್ಕೆ ಸಮೀಪ. ಬಡ ಹಳ್ಳಿಯ ಹೆಣ್ಣುಮಕ್ಕಳಿಗೂ ಅದು ಎಟುಕಿದ್ದು ಈ ಕಾರಣದಿಂದ. ಬಂಡವಾಳ ಬೇಡವೆಂದ ಮಾತ್ರಕ್ಕೆ ಖರ್ಚೇ ಇಲ್ಲವೆಂದು ಮಾತ್ರ ತಿಳಿಯಬಾರದು. ವರ್ಷಗಟ್ಟಲೆ ಬೆಳಗು ಸಂಜೆಯ ಅಭ್ಯಾಸ, ಓದಿನಿಂದ ಕಸಿದುಕೊಂಡ ಸಮಯ, ಗಂಟಲಿಗಿಳಿಯಬೇಕಾದ ಹಾಲು ಮೊಟ್ಟೆ, ಮಂಡಿಯ ಗಾಯ, ಪಂದ್ಯಾವಳಿಗೆ ಹೋಗುವ ರೈಲು ಬಸ್ಸಿನ ವೆಚ್ಚ, ‘ಹುಡುಗಿಗೆ ಇನ್ನೆಷ್ಟು ದಿನ ಆಟ?’ ಎಂಬ ನೆಂಟರ ಮಾತು ಎಲ್ಲವನ್ನೂ ಹೊರುವುದು ಕುಟುಂಬ. ಕುರುಬೂರಿನಂಥ ಊರಿನ ರೈತಾಪಿ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಇಲ್ಲಿ ಅಮೆರಿಕದ ಒಂದು ಹೋಲಿಕೆ ಪ್ರಯೋಜನಕ್ಕೆ ಬರುತ್ತದೆ. ಆ ದೇಶದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಹನ್ನೊಂದು ಮಂದಿಯ ಆಟ. ಅದರ ಕೇಂದ್ರವ್ಯಕ್ತಿಯನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಕೈಗೆ ಬಂದ ಕೆಲವೇ ಸೆಕೆಂಡುಗಳಲ್ಲಿ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು ಅವನು. ಅಲ್ಲಿನ ಕಥೆ, ಚಲನಚಿತ್ರಗಳಲ್ಲಿ ಸಣ್ಣ ಊರಿನ ಕ್ವಾರ್ಟರ್‌ಬ್ಯಾಕ್ ಎಂಬ ನಾಯಕ ಮತ್ತೆ ಮತ್ತೆ ಬರುತ್ತಾನೆ: ಊರ ಶಾಲೆಯ ಮೈದಾನದಲ್ಲಿ ಮಿಂಚಿ, ವಿದ್ಯಾರ್ಥಿವೇತನದ ಮೇಲೆ ವಿಶ್ವವಿದ್ಯಾಲಯ ಸೇರಿ, ಕೊನೆಗೆ ವೃತ್ತಿಪರ ಲೀಗ್ ಮುಟ್ಟುವವನು. ಆ ಕಲ್ಪನೆ ಓದುಗರಿಗೆ ಅಸಹಜ ಎನಿಸದಿರುವುದಕ್ಕೆ ಕಾರಣ ಆ ಮೆಟ್ಟಿಲುಗಳು ನಿಜವಾಗಿಯೂ ಇರುವುದು. ಅಲ್ಲಿನ ಲೀಗ್ 1936ರಿಂದ ಆಟಗಾರರ ಆಯ್ಕೆಗೆ ಒಂದು ಕ್ರಮ ಇಟ್ಟುಕೊಂಡಿದೆ. ಹಿಂದಿನ ವರ್ಷ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. 2000ದ ಆಯ್ಕೆಯಲ್ಲಿ ಟಾಮ್ ಬ್ರಾಡಿ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಸರು ಬಂದದ್ದು 199ನೆಯದಾಗಿ. ಆತ ಮುಂದೆ ಏಳು ಬಾರಿ ಅತ್ಯುನ್ನತ ಪ್ರಶಸ್ತಿಯಾದ ಸೂಪರ್ ಬೌಲ್ ಗೆದ್ದ. ಯಾರಿಗೂ ಬೇಡವಾದವನಂತೆ ಕಂಡವನಿಗೂ 199ನೆಯ ಮೆಟ್ಟಿಲೊಂದು ಇತ್ತು ಎಂಬುದು ಇದರ ಪಾಠ. ಪ್ರತಿಭೆ ಎಲ್ಲಿದೆ ಎಂಬುದನ್ನು ಮುಂಚಿತವಾಗಿ ಯಾರೂ ಬಲ್ಲವರಲ್ಲ. ಆದುದರಿಂದ ಏಣಿ ಅಗಲವಾಗಿರಬೇಕು.

ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದರು. ಅವರ ಪ್ರತಿಭೆ ನಿರ್ವಿವಾದ. ಅದರೊಂದಿಗೆ ಕ್ಲಬ್, ರಾಜ್ಯ ಸಂಸ್ಥೆ, ರಣಜಿ, ರಾಷ್ಟ್ರೀಯ ತಂಡ ಎಂಬ ಮೆಟ್ಟಿಲುಗಳೂ ಇದ್ದವು. ಇದೇ ತಿ. ನರಸೀಪುರ ತಾಲ್ಲೂಕಿನ ಮೂಗೂರು ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆ ಹೆಸರಾದ ಊರು. ಅಲ್ಲಿಂದ ಹೊರಟ ನೃತ್ಯ ನಿರ್ದೇಶಕ ಮೂಗೂರು ಸುಂದರ್ ಮದರಾಸಿನ ಚಿತ್ರರಂಗದಲ್ಲಿ ನೆಲೆ ಕಂಡರು. ಮಕ್ಕಳಾದ ರಾಜು ಸುಂದರಂ, ಪ್ರಭುದೇವ, ನಾಗೇಂದ್ರ ಪ್ರಸಾದ್ ಅದೇ ದಾರಿಯಲ್ಲಿ ನಡೆದರು. ಅವರ ಕಾಲಿನ ಚುರುಕಿಗೆ ಕೊಳ್ಳುವವರಿದ್ದರು, ಕೋಡಂಬಾಕ್ಕಂ ಎಂಬ ಮಾರುಕಟ್ಟೆ ಇತ್ತು. ಅದೇ ಸೀಮೆಯ ಹುಡುಗಿಯ ಕಾಲಿನ ಚುರುಕಿಗೆ ಅಂಥ ಮಾರುಕಟ್ಟೆ ಯಾವುದು?

ಷಿಕಾಗೊ ವಿಶ್ವವಿದ್ಯಾಲಯದ ಷರ್ವಿನ್ ರೋಸೆನ್ 1981ರಲ್ಲಿ ತಾರೆಗಳ ಅರ್ಥಶಾಸ್ತ್ರದ ಬಗ್ಗೆ ಪ್ರಸಿದ್ಧ ಲೇಖನವೊಂದನ್ನು ಬರೆದರು. ಒಬ್ಬರ ಪ್ರದರ್ಶನ ಏಕಕಾಲಕ್ಕೆ ಲಕ್ಷಾಂತರ ಜನರನ್ನು ತಲುಪುವಂತಾದಾಗ ಪ್ರತಿಭೆಯ ಸಣ್ಣ ಅಂತರವೂ ಆದಾಯದ ಭಾರೀ ಅಂತರವಾಗುತ್ತದೆ ಎಂಬುದು ಅದರ ತಿರುಳು. ಕ್ರಿಕೆಟ್ ಶ್ರೀಮಂತವಾದದ್ದು ಹಾಗೆ. ಪ್ರೇಕ್ಷಕರು ದೂರದರ್ಶನದ ಮುಂದೆ ಕೂರದ ಆಟ ಬಡವಾಗಿಯೇ ಉಳಿಯುವುದೂ ಹಾಗೆಯೇ. ಖೋ ಖೋಗೆ ವೃತ್ತಿಪರ ರೂಪ ಕೊಡುವ ಪ್ರಯತ್ನವಾಗಿ 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಆರಂಭವಾಯಿತು. ಅದರ ಮೊದಲ ಎರಡೂ ಆವೃತ್ತಿಗಳು ಪುರುಷರವು. ರಾಷ್ಟ್ರದ ಗೌರವದ ವಿಚಾರವೂ ಇಷ್ಟೇ: 1998ರ ನಂತರ ಈ ಆಟಕ್ಕೆ ಮತ್ತೊಂದು ಅರ್ಜುನ ಪ್ರಶಸ್ತಿ ಬರಲು 2020ರವರೆಗೆ, ಮಹಾರಾಷ್ಟ್ರದ ಸಾರಿಕಾ ಕಾಳೆ ಅವರವರೆಗೆ, ಕಾಯಬೇಕಾಯಿತು. ಮಾರುಕಟ್ಟೆ ಬೆಲೆ ಕಟ್ಟದ ಕಡೆ ಸರ್ಕಾರದ ಬೆಲೆಯೇ ಏಕೈಕ ಬೆಲೆ. ಐದು ಲಕ್ಷಕ್ಕೆ ಅಷ್ಟು ತೂಕ ಬಂದದ್ದು ಈ ಹಿನ್ನೆಲೆಯಲ್ಲಿ.

ಈಗ ಆ ಮೊತ್ತದ ಸರಳ ಗಣಿತ ನೋಡೋಣ. ವಿಶ್ವಮಟ್ಟದ ಆಟಗಾರ್ತಿ ಸಿದ್ಧವಾಗಲು ಹತ್ತು ವರ್ಷ ಬೇಕೆಂದು ಇಟ್ಟುಕೊಂಡರೆ ಐದು ಲಕ್ಷವೆಂದರೆ ತಿಂಗಳಿಗೆ ಸುಮಾರು 4,200 ರೂಪಾಯಿ. ಮಹಾರಾಷ್ಟ್ರದ ಮೊತ್ತ ಇದರ 45 ಪಟ್ಟು. ಒಂದೇ ಅಂಗಳದಲ್ಲಿ, ಒಂದೇ ಅಂಗಿ ತೊಟ್ಟು ಆಡಿದವರ ನಡುವೆ ರಾಜ್ಯದ ಗಡಿಯೊಂದು ಇಷ್ಟು ಅಂತರ ತಂದಾಗ ನೋವಾಗುವುದು ದುರಾಸೆಯಲ್ಲ. ನೌಕರಿಯ ವಿಷಯವಂತೂ ಹಣಕ್ಕಿಂತ ದೊಡ್ಡದು. ಆಟಗಾರರ ದೇಹಕ್ಕೆ ನಿವೃತ್ತಿಯ ವಯಸ್ಸು ಅರವತ್ತಲ್ಲ, ಮೂವತ್ತರ ಆಸುಪಾಸು. ಉಳಿದ ಮೂವತ್ತು ವರ್ಷಗಳ ಭರವಸೆಯನ್ನು ಒಮ್ಮೆ ಕೊಡುವ ಚೆಕ್ ಕೊಡಲಾರದು.

ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಶಾಲೆಗೆ ಶೌಚಾಲಯವಿಲ್ಲದ, ಆಸ್ಪತ್ರೆಗೆ ವೈದ್ಯರಿಲ್ಲದ ರಾಜ್ಯ ಒಬ್ಬೊಬ್ಬ ಆಟಗಾರನಿಗೆ ಕೋಟಿಗಟ್ಟಲೆ ಕೊಡಬೇಕೆ? ತೆರಿಗೆದಾರನ ಹಣದ ಬಗ್ಗೆ ಈ ಪ್ರಶ್ನೆ ಕೇಳುವವರನ್ನು ಕ್ರೀಡಾವಿರೋಧಿಗಳೆಂದು ಕರೆಯುವುದು ಅನ್ಯಾಯ. ಸೇವಾವಧಿಯುದ್ದಕ್ಕೂ ಕಡತಗಳ ನಡುವೆ ಬದುಕಿದ ನನಗೂ ಕೋಟಿಗಳ ಪೈಪೋಟಿ ಒಪ್ಪಿತವಲ್ಲ. ಗೆದ್ದ ಮೇಲೆ ಕೊಡುವ ಹಣ ಗೆದ್ದವರಿಗೆ ಮಾತ್ರ ತಲುಪುತ್ತದೆ. ಗೆಲ್ಲಬಹುದಾಗಿದ್ದೂ ಹತ್ತನೆಯ ತರಗತಿಯಲ್ಲೇ ಆಟ ಬಿಟ್ಟ ನೂರಾರು ಹುಡುಗಿಯರಿಗೆ ಅದರಿಂದ ಏನೂ ಆಗದು. ಆದರೆ ಈ ವಾದವನ್ನು ಮುಂದಿಟ್ಟು ಗೆದ್ದವರಿಗೂ ಕಡಿಮೆ, ಗೆಲ್ಲಬೇಕಾದವರಿಗೂ ಕಡಿಮೆ ಕೊಡುವುದು ಮಿತವ್ಯಯವಲ್ಲ, ಉಪೇಕ್ಷೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಬಹುಮಾನ ಘೋಷಣೆಯ ವಿಷಯವಾಗಿ ಉಳಿಯದೆ ಆದೇಶದ ವಿಷಯವಾಗಬೇಕು. ಯಾವ ಪಂದ್ಯಾವಳಿಯ ಯಾವ ಪದಕಕ್ಕೆ ಎಷ್ಟು ಮೊತ್ತ, ಯಾವ ದರ್ಜೆಯ ಹುದ್ದೆ ಎಂಬ ಅನುಸೂಚಿ ದೇಸಿ ಆಟಗಳನ್ನೂ ಒಳಗೊಂಡು ಮೊದಲೇ ಪ್ರಕಟವಾಗಿದ್ದರೆ ಆಟಗಾರರು ವೇದಿಕೆಯ ಮೇಲಿನ ಔದಾರ್ಯವನ್ನು ಕಾಯಬೇಕಾಗಿಲ್ಲ, ಮುಖ್ಯಮಂತ್ರಿಗಳು ಮುಜುಗರಕ್ಕೆ ಒಳಗಾಗಬೇಕಾಗಿಲ್ಲ. ಎರಡನೆಯದು, ಕ್ರೀಡಾ ಕೋಟಾದ ಹುದ್ದೆ. ರೈಲ್ವೆ ಇಲಾಖೆ ಖೋ ಖೋ ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದು ಕಣ್ಣೆದುರಿಗಿದೆ. ಅಂತರರಾಷ್ಟ್ರೀಯ ಆಟಗಾರ್ತಿಯೊಬ್ಬರನ್ನು ದೈಹಿಕ ಶಿಕ್ಷಕಿಯಾಗಿಯೋ ತಾಲ್ಲೂಕು ತರಬೇತುದಾರರಾಗಿಯೋ ನೇಮಿಸಿದರೆ ಖಜಾನೆ ಬರಿದಾಗುವುದಿಲ್ಲ. ಸಂಬಳ ಕೊಟ್ಟದ್ದಕ್ಕೆ ಮೂವತ್ತು ವರ್ಷ ಪ್ರತಿಫಲ ದೊರೆಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಶಾಲೆ. ಚೈತ್ರಾ ಆಟ ಕಲಿತದ್ದು ರಾಜಧಾನಿಯ ಅಕಾಡೆಮಿಯಲ್ಲಲ್ಲ, ಊರಿನಲ್ಲಿ, ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿ. ಇಂಥ ಒಬ್ಬ ಶಿಕ್ಷಕ ವರ್ಗವಾಗಿ ಹೋದರೆ ಅಥವಾ ನಿವೃತ್ತರಾಗಿ ಆ ಹುದ್ದೆ ಖಾಲಿ ಬಿದ್ದರೆ ಆ ಊರಿನ ಆಟವೇ ನಿಲ್ಲುತ್ತದೆ. ಮೂಗೂರು, ಸೋಸಲೆ, ಬನ್ನೂರು, ತಲಕಾಡು, ಕುರುಬೂರುಗಳ ಶಾಲೆಗಳಿಗೆ ಒಬ್ಬೊಬ್ಬ ಆಸಕ್ತ ದೈಹಿಕ ಶಿಕ್ಷಕರು, ತಾಲ್ಲೂಕಿಗೆ ಒಂದು ಮ್ಯಾಟ್ ಅಂಕಣ ಸಿಕ್ಕಿದರೆ ಅದೇ ದೊಡ್ಡ ಕ್ರೀಡಾ ನೀತಿ. ಇದಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೂ ಉತ್ತರ ಹತ್ತಿರದಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕು. ಅದರ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಸೇರಿದೆ. ಪಕ್ಕದ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಅವರನ್ನು ಒಂದು ಮೇಜಿನ ಸುತ್ತ ಕೂರಿಸುವ ಕೆಲಸ ಜಿಲ್ಲಾಡಳಿತದ್ದು.

ನಮ್ಮ ಆಡಳಿತಕ್ಕೆ ಸಾಮರ್ಥ್ಯವಿಲ್ಲವೆಂದು ಹೇಳಲಾಗದು. ವಿಶ್ವಕಪ್ ಗೆದ್ದ ಮರುತಿಂಗಳು, 2025ರ ಫೆಬ್ರುವರಿಯಲ್ಲಿ, ಕಾವೇರಿ ಕಪಿಲೆಯರ ಸಂಗಮವಾದ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯಿತು. ದಿನಾಂಕ ಮೊದಲೇ ಗೊತ್ತಿತ್ತು, ಯಾವ ಇಲಾಖೆಗೆ ಯಾವ ಹೊಣೆ ಎಂಬುದು ಹಂಚಿಕೆಯಾಗಿತ್ತು, ಕೆಲಸ ಆಯಿತು. ದಿನಾಂಕ ಮತ್ತು ಹೊಣೆ ನಿಗದಿಯಾದ ಕೆಲಸವನ್ನು ಸರ್ಕಾರಿ ಯಂತ್ರ ಮಾಡಿ ಮುಗಿಸುತ್ತದೆ. ಸದಿಚ್ಛೆಗೆ ಬಿಟ್ಟದ್ದು ಕಡತದಲ್ಲಿ ಉಳಿಯುತ್ತದೆ. ಗ್ರಾಮೀಣ ಕ್ರೀಡೆ ಇಂದಿಗೂ ಎರಡನೆಯ ಪಟ್ಟಿಯಲ್ಲಿದೆ.

ಬಹುಮಾನ ಬೇಡವೆಂದ ಇಬ್ಬರು ಯುವಜನರು ಸರ್ಕಾರವನ್ನು ಅವಮಾನಿಸಲಿಲ್ಲ. ತಮ್ಮ ಶ್ರಮಕ್ಕೆ ಸರಿಯಾದ ಲೆಕ್ಕ ಕೇಳಿದರು. ಪ್ರಜಾಪ್ರಭುತ್ವದಲ್ಲಿ ಅದು ಪ್ರಜೆಯ ಹಕ್ಕು. ಅವರಿಗೆ ಎಷ್ಟು ಕೊಡಬೇಕೆಂಬುದನ್ನು ತೀರ್ಮಾನಿಸುವುದು ಸುಲಭ. ಒಂದು ಸಹಿ ಸಾಕು. ಈ ಹೊತ್ತು ಯಾವುದೋ ಶಾಲೆಯ ಅಂಗಳದಲ್ಲಿ ಬರಿಗಾಲಿನಲ್ಲಿ ಓಡುತ್ತಿರುವ, ಇನ್ನೂ ಹೆಸರು ಗೊತ್ತಿಲ್ಲದ ಹುಡುಗಿಯ ಮುಂದೆ ಎರಡನೆಯ ಮೆಟ್ಟಿಲನ್ನು ಇಡುವುದು ಅದಕ್ಕಿಂತ ಕಷ್ಟದ ಕೆಲಸ. ಮುಂದಿನ ಆಯವ್ಯಯ ಸಿದ್ಧಪಡಿಸುವವರು ಆ ಕೆಲಸದಿಂದ ಆರಂಭಿಸಲಿ.