ಕುರಿ ಹಾಲಿನ ಮನೆಯಲ್ಲಿ ಐದು ದಿನ

1999ರ ಮೇ-ಜೂನ್ ತಿಂಗಳಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರಾಜ್ಯ ರೈತ ಸಂಘದವರು ಯುರೋಪು ಸುತ್ತಿ ಬಂದದ್ದು ಹಳಬರಿಗೆ ನೆನಪಿರಬಹುದು. ಪಂಜಾಬಿನ ರೈತರೂ ಇದ್ದರು, ಒಟ್ಟು ನೂರಾರು ಜನ. ಬಸ್ಸಿನಲ್ಲಿ ದೇಶ ದೇಶ ದಾಟಿ, ಜೂನ್ 18ರ ಹೊತ್ತಿಗೆ ಶ್ರೀಮಂತ ದೇಶಗಳ ಮುಖಂಡರು ಸಭೆ ಸೇರುವ ಜರ್ಮನಿಯ ಕಲೋನ್ ಮುಟ್ಟುವುದು ಲೆಕ್ಕ. ಆ ಹೋರಾಟದ ವಿಚಾರ ಬೇಕಾದಷ್ಟು ಬಂದಿದೆ. ನಾವು ಬೇರೆಯವರ ಮನೆಯಲ್ಲಿ ಹೇಗೆ ಉಂಡೆವು, ಹೇಗೆ ಇದ್ದೆವು ಎಂಬುದನ್ನು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಈಗ ನಂಜನಗೂಡು, ಟಿ. ನರಸೀಪುರದ ಹಳ್ಳಿ ಮಕ್ಕಳೂ ಓದಲಿಕ್ಕೆ ಅಂತ ಹೊರದೇಶಕ್ಕೆ ಹೋಗುತ್ತಾರೆ. ಅವರ ಅಪ್ಪ ಅಮ್ಮಂದಿರು ಸಿಕ್ಕಾಗೆಲ್ಲ ಕೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೊಂಬತ್ತು. ಓದಿದ್ದು ಏಳನೇ ಕ್ಲಾಸು. ಕಬಿನಿ ನಾಲೆಗೆ ಮೇಲ್ಗಡೆ ನಾಲ್ಕು ಎಕರೆ ಖುಷ್ಕಿ. ನಾಲೆ ನೀರು ಕಾಣುತ್ತದೆ, ಹೊಲಕ್ಕೆ ಹತ್ತುವುದಿಲ್ಲ. ರಾಗಿ, ಹುರುಳಿ, ಅವರೆ, ಜೊತೆಗೆ ಹನ್ನೆರಡು ಬನ್ನೂರು ಕುರಿ.

ದಾರಿಯಲ್ಲಿ ಹೆಚ್ಚಿನ ರಾತ್ರಿ ಮಲಗಿದ್ದು ಹಾಲುಗಳಲ್ಲಿ, ಸಾಲಾಗಿ. ಫ್ರಾನ್ಸಿನ ದಕ್ಷಿಣದಲ್ಲಿ ಲಾರ್ಜಾಕ್ ಎಂಬ ಎತ್ತರದ ಬಯಲಿನಲ್ಲಿ ಮಾತ್ರ ನಮ್ಮ ಗುಂಪನ್ನು ಮನೆ ಮನೆಗೆ ಹಂಚಿದರು. ನಮ್ಮದು ಮೂರು ಜನ: ನಾನು, ನಂಜನಗೂಡಿನ ಕಡೆಯ ಅರವತ್ತು ದಾಟಿದ ಒಬ್ಬ ಯಜಮಾನರು, ಬಿ.ಎ. ಮಾಡಿದ್ದ ಮಂಡ್ಯದ ಒಬ್ಬ ಹುಡುಗ. ಆ ಮನೆ ಮಗನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅವನು ಹೇಳಿದ್ದನ್ನು ನಮ್ಮ ಹುಡುಗ ಕನ್ನಡಕ್ಕೆ ತರುತ್ತಿದ್ದ. ಒಂದು ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ಬೀಡಿ ಮುಗಿಯುತ್ತಿತ್ತು.

ಅದು ನಮ್ಮಂಥ ಒಣಸೀಮೆ. ಕೆಳಗೆಲ್ಲ ಸುಣ್ಣಕಲ್ಲು, ಮಳೆ ಬಿದ್ದದ್ದು ಬಿದ್ದಂಗೇ ಇಂಗಿಹೋಗುತ್ತದೆ. ಅದಕ್ಕೆ ಹಿಂದಿನವರು ತಗ್ಗಿನಲ್ಲಿ ದುಂಡಗೆ ಕಲ್ಲು ಹಾಸಿ, ಮಳೆ ನೀರು ನಿಲ್ಲಿಸಿ, ಕುರಿಗಳಿಗೆ ಕಟ್ಟೆ ಮಾಡಿದ್ದಾರೆ. 1971ರಲ್ಲಿ ಅಲ್ಲಿನ ಸರ್ಕಾರ ಮಿಲಿಟರಿ ಕ್ಯಾಂಪು ದೊಡ್ಡದು ಮಾಡಲು ಈ ಜಮೀನಿಗೆ ಕೈ ಹಾಕಿತು. 103 ರೈತರು ಬಿಡುವುದಿಲ್ಲವೆಂದು ಬರೆದು ಕೊಟ್ಟರು. 1972ರಲ್ಲಿ ಕುರಿಗಳನ್ನು ಪ್ಯಾರಿಸ್ಸಿಗೆ ತೆಗೆದುಕೊಂಡು ಹೋಗಿ ಐಫೆಲ್ ಗೋಪುರದ ಕೆಳಗೆ ಮೇಯಿಸಿದರು. 1981ರಲ್ಲಿ ಸರ್ಕಾರ ಕೈಬಿಟ್ಟಿತು. ಇದನ್ನು ಕೇಳಿ ಯಜಮಾನರು, "ಹಂಗಾದ್ರೆ ಇವರು ನಮ್ಮೋರೇ ಕಣಪ್ಪ" ಅಂದರು. ಆದರೆ ಊಟಕ್ಕೆ ಕೂತಾಗ ಅಷ್ಟು ಸುಲಭವಾಗಲಿಲ್ಲ.

ಅವರ ಕುರಿ ಲಕೋನ್ ಎಂಬ ತಳಿ. ಉದ್ದ ಮೈ, ಉಣ್ಣೆ ಕಮ್ಮಿ, ಕೆಚ್ಚಲು ನಮ್ಮ ಮೇಕೆಗಿಂತ ದೊಡ್ಡದು. ಬೆಳಿಗ್ಗೆ ಸಂಜೆ ಮಿಷನ್ನಿನಲ್ಲಿ ಹಾಲು ಕರೆಯುತ್ತಾರೆ. ಹಾಲು ರೋಕ್‌ಫೋರ್ ಎಂಬ ಚೀಸಿಗೆ ಹೋಗುತ್ತದೆ. ಒಂದು ಕೆ.ಜಿ. ಚೀಸಿಗೆ ಸುಮಾರು ನಾಲ್ಕೂವರೆ ಲೀಟರು ಹಾಲು. ಅದನ್ನು ಗುಹೆಗಳಲ್ಲಿಟ್ಟು ಬೇಕೆಂತಲೇ ಹಸಿರು ಬೂಷ್ಟು ಹಿಡಿಸುತ್ತಾರೆ. ಮೊದಲ ರಾತ್ರಿ ಆ ಮನೆಯಮ್ಮ ಅದನ್ನು ತಂದು ಇಟ್ಟಳು, ನಾವು ಹಬ್ಬಕ್ಕೆ ಹೋಳಿಗೆ ಇಡುವಂತೆ.

ಯಜಮಾನರು ಲಿಂಗವಂತರು, ಮಾಂಸ ಮುಟ್ಟದವರು. ಬೂಷ್ಟಿಗೆ ಅವರು ಹೆದರಲಿಲ್ಲ. "ಹಾಲಿಗೆ ಹೆಪ್ಪು ಏನ್ ಹಾಕ್ತಾರೆ, ಕೇಳು ಮಗ" ಅಂದರು. ಉತ್ತರ ಕೇಳಿದ ಹುಡುಗ ಬಾಯಿ ಬಿಡಲಿಲ್ಲ. "ಇದ್ದದ್ದ ಇದ್ದಂಗೇ ಹೇಳು." ಹಾಲು ಕುಡಿಯುವ ಮರಿಯ ಹೊಟ್ಟೆಯಿಂದ ತೆಗೆದ ರಸ. ಯಜಮಾನರು ತಟ್ಟೆ ಸರಿಸಿ ಕೈ ಮುಗಿದರು. ಆ ತಾಯಿಯ ಮುಖ ಸಣ್ಣಗಾಯಿತು. ವರ್ಷವೆಲ್ಲ ಬೆವರು ಸುರಿಸಿ ಮಾಡಿದ ವಸ್ತು ಅದು.

ಆಮೇಲೆ ಎರಡು ದಿನ ಅವರಿಗೆ ಬ್ರೆಡ್ಡು, ಟೊಮೇಟೊ. ಬ್ರೆಡ್ಡಿನ ಸಿಪ್ಪೆ ಗಟ್ಟಿ, ಅವರಿಗೆ ಹಲ್ಲಿಲ್ಲ. ಊರಿಂದ ತಂದ ರಾಗಿ ಹುರಿಹಿಟ್ಟು ಮುಗಿದಿತ್ತು. ಇನ್ನೊಂದು ತೊಂದರೆ ಹೊತ್ತಿನದು. ಜೂನಿನಲ್ಲಿ ಅಲ್ಲಿ ಹೊತ್ತು ಮುಳುಗುವಾಗ ರಾತ್ರಿ ಒಂಬತ್ತೂವರೆ. ದೀಪ ಹಚ್ಚುವ ಹೊತ್ತಿಗೆ ಪೂಜೆ ಮಾಡಿಯೇ ಉಣ್ಣುವವರು ಅಷ್ಟು ಹೊತ್ತು ಹಸಿದು ಕೂರುತ್ತಿದ್ದರು. ಎರಡನೇ ದಿನ ಸಂಜೆ ಮೆಟ್ಟಿಲು ಇಳಿಯುವಾಗ ಕಾಲು ನಡುಗಿತು. ಡಾಕ್ಟರನ್ನು ಕರೆಸುವ, ಹಿಂದಕ್ಕೆ ಕಳಿಸುವ ಮಾತು ಬಂತು. ಅವರು ಗೋಡೆಗೆ ತಿರುಗಿ ಮಲಗಿಬಿಟ್ಟರು. ಕಲೋನ್ ನೋಡದೆ ಊರಿಗೆ ಹೋಗಿ ಮುಖ ತೋರಿಸುವುದು ಹೇಗೆ ಅಂತ ಅವರ ಸಂಕಟ.

ನನಗೆ ಅಷ್ಟರಲ್ಲಿ ಕೊಟ್ಟಿಗೆ ಹೊಂದಿಕೊಂಡಿತ್ತು. ಸುಮ್ಮನೆ ಕೂರಲಾರದೆ ಬೆಳಿಗ್ಗೆ ಅವರ ಹಿಂದೆ ಹೋಗಿದ್ದೆ. ಒಂದು ಕುರಿ ಕುಂಟುತ್ತಿತ್ತು. ಹಿಡಿದು ಮಗುಚಿ ಗೊರಸಿನ ಸಂದು ನೋಡಿದರೆ ಕೊಳೆತ ವಾಸನೆ. ಮನೆಯ ಗೌಡ ಏನೂ ಹೇಳದೆ ಜೇಬಿನಿಂದ ಚಾಕು ತೆಗೆದು ನನ್ನ ಕೈಗೆ ಕೊಟ್ಟ. ಗೊರಸು ಕೆತ್ತಿ ಔಷಧಿ ಹಾಕಿದೆ. ಅಲ್ಲಿಂದ ನಾನು ನೆಂಟ ಅಲ್ಲ, ಕೆಲಸದವರಲ್ಲಿ ಒಬ್ಬ. ಬೇರೆಯವರ ಮನೆಯಲ್ಲಿ ಇರುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗಂತೂ ಗೊತ್ತಿಲ್ಲ.

ಆ ಸಂಜೆ ಒಂದು ತಂಬಿಗೆ ಹಾಲು ಕೇಳಿ ತಂದು ಯಜಮಾನರ ಮುಂದಿಟ್ಟೆ. "ಇದಕ್ಕೆ ಹೆಪ್ಪು ನೀವೇ ಹಾಕಿ ದೊಡ್ಡಪ್ಪ." "ಕುರಿ ಹಾಲ ಯಾರಾರ ಕುಡಿದಾರಾ?" ಅಂತ ಗೊಣಗಿದರೂ ಎದ್ದರು. ಮನೆಯಮ್ಮ ಅಂಗಡಿ ಮೊಸರಿನ ಕುಡಿಕೆ ತಂದು, ಇದು ಬರೀ ಮೊಸರಿನಿಂದಲೇ ಆದದ್ದು ಅಂತ ಮಗನ ಕೈಲಿ ಓದಿಸಿ ಹೇಳಿಸಿದಳು. ಯಜಮಾನರು ಹಾಲು ಕಾಯಿಸಿ, ಬೆರಳು ಅದ್ದಿ ನೋಡಿ, ಒಂದು ಚಮಚ ಹೆಪ್ಪು ಹಾಕಿದರು. ಅಲ್ಲಿ ರಾತ್ರಿ ಚಳಿ. ಪಾತ್ರೆಗೆ ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಟರು. ಬೆಳಿಗ್ಗೆ ನೋಡಿದರೆ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಮೊಸರು. ಅನ್ನ ಬೇಯಿಸಿ, ನಮ್ಮ ಒಣಮೆಣಸಿನಕಾಯಿ ಎಣ್ಣೆಯಲ್ಲಿ ಹುರಿದು, ಯಜಮಾನರು ಎರಡು ಸಲ ಬಡಿಸಿಕೊಂಡು ಉಂಡರು. ಮನೆಯಮ್ಮ ಎದುರಿಗೆ ಕೂತು ಅವರ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ತಾನೂ ಒಂದು ತಟ್ಟೆ ಹಾಕಿಕೊಂಡಳು. ಮೆಣಸಿನಕಾಯಿ ಮಾತ್ರ ಮುಟ್ಟಲಿಲ್ಲ. ಡಾಕ್ಟರ ಮಾತು ಅಲ್ಲಿಗೆ ನಿಂತಿತು.

ಹೋಗುವ ಮಕ್ಕಳಿಗೆ ಕೆಲವು ಮಾತು. ಅಲ್ಲಿ ಊಟ ಒಂದೂವರೆ ಗಂಟೆ ನಡೆಯುತ್ತದೆ. ಗಂಡಸು ಹೆಂಗಸು ಒಟ್ಟಿಗೇ ಕೂರುತ್ತಾರೆ. ನಮ್ಮ ಹಾಗೆ ಉಂಡು ಕೈ ತೊಳೆದು ಎದ್ದರೆ ಬೇಜಾರಾಗುತ್ತಾರೆ. ತಟ್ಟೆ ಎತ್ತಿ ತೊಳೆಯುವುದರಲ್ಲಿ ಗಂಡಸರೂ ಸೇರುತ್ತಾರೆ. ಇದು ನನಗೆ ಮೆಚ್ಚಿಗೆಯಾಯಿತು, ನಮ್ಮ ಮನೆಯಲ್ಲಿ ಪೂರ್ತಿ ನಡೆದಿಲ್ಲ. ಸ್ನಾನದ ಕೋಣೆಯ ನೆಲಕ್ಕೆ ಮೋರಿ ಇರುವುದಿಲ್ಲ. ತೊಟ್ಟಿಯೊಳಗೇ ನಿಂತು ನೀರು ಹಾಕಿಕೊಳ್ಳಬೇಕು, ಹೊರಗೆ ಚೆಲ್ಲಿದರೆ ಕೆಳಗಿನ ಕೋಣೆಗೆ ತೊಟ್ಟಿಕ್ಕುತ್ತದೆ. ಪಾಯಿಖಾನೆಯಲ್ಲಿ ಕಾಗದವೇ, ಒಂದು ಖಾಲಿ ಬಾಟ್ಲಿ ಇಟ್ಟುಕೊಳ್ಳಿ. ತಿನ್ನದೆ ಇರುವ ಪದಾರ್ಥ ಇದ್ದರೆ ಮೊದಲ ದಿನವೇ, ಕಾರಣ ಸಮೇತ ಹೇಳಿ. ಮರಿಯ ಹೊಟ್ಟೆಯ ರಸ ಹಾಕದ ಚೀಸೂ ಈಗ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ಕೊಳ್ಳಬೇಕು. ಹುರಿಹಿಟ್ಟು ಎರಡು ಸೇರು ಜಾಸ್ತಿಯೇ ಇರಲಿ.

ಊರಿಗೆ ಬಂದ ಮೇಲೆ ಬನ್ನೂರು ಕುರಿಯ ಹಾಲನ್ನೂ ಕರೆದು ನೋಡಿದೆ. ಅದು ಮಾಂಸದ ತಳಿ, ಒಂದು ಲೋಟ ತುಂಬಲಿಲ್ಲ. ಮರಿ ಅರಚಿಕೊಂಡಿತು, ಬಿಟ್ಟುಬಿಟ್ಟೆ.